ರಝ್ಝಾಕ್: ಉಣಿಸುವವನ ಹೆಸರು, ದುಡಿಯುವವನ ಲೆಕ್ಕ

ಅಲ್ಲಾಹನ ಹೆಸರುಗಳಲ್ಲಿ ನಮ್ಮ ನಾಲಿಗೆಗೆ ತೀರ ಬಳಕೆಯಾದವುಗಳಲ್ಲಿ ರಝ್ಝಾಕ್, ಅಂದರೆ ಎಲ್ಲರಿಗೂ ಉಣಿಸುವವನು, ಒಂದು. ಊರಿಗೆ ನಾಲ್ಕು ಜನ ಅಬ್ದುಲ್ ರಝಾಕ್ ಇರುತ್ತಾರೆ. ಆದರೆ ಕುರ್‌ಆನಿನಲ್ಲಿ ಈ ಹೆಸರು ಇದೇ ರೂಪದಲ್ಲಿ ಬರುವುದು ಒಂದೇ ಒಂದು ಕಡೆ, ಸೂರಃ (ಅಧ್ಯಾಯ) ಅಝ್ಝಾರಿಯಾತ್‌ನ 58ನೇ ಸೂಕ್ತದಲ್ಲಿ. ಅದಕ್ಕಿಂತ ಹಿಂದಿನ ಎರಡು ಸೂಕ್ತಗಳನ್ನು ಸೇರಿಸಿ ಓದಿ. ಜಿನ್ನ್‌ಗಳನ್ನೂ ಮನುಷ್ಯರನ್ನೂ ನನ್ನ ಆರಾಧನೆಗಾಗಿಯೇ ಸೃಷ್ಟಿಸಿದ್ದೇನೆ. ನಾನು ಅವರಿಂದ ಅನ್ನಾಧಾರ ಬಯಸುವುದಿಲ್ಲ, ಅವರು ನನಗೆ ಉಣಿಸಬೇಕೆಂದೂ ಬಯಸುವುದಿಲ್ಲ. ಅಲ್ಲಾಹನೇ ರಝ್ಝಾಕ್, ಮಹಾಶಕ್ತಿಯುಳ್ಳವನು, ಅಚಲನು.

ನೋಡಿ, ಹಸಿದವನೊಬ್ಬ ಬೇಡಿದಾಗ ಬಂದ ಉತ್ತರವಲ್ಲ ಇದು. ನನಗೆ ನಿಮ್ಮಿಂದ ಏನೂ ಬೇಕಿಲ್ಲ ಎಂದು ಹೇಳುವಾಗ ಅಲ್ಲಾಹನು ಈ ಹೆಸರನ್ನು ಹೇಳುತ್ತಾನೆ. ನಮ್ಮ ನಡುವೆ ಕೊಡುವವರೆಲ್ಲ ಏನಾದರೂ ತೆಗೆದುಕೊಳ್ಳುವವರೂ ಹೌದು. ಧಣಿ ಸಂಬಳ ಕೊಟ್ಟು ದುಡಿಮೆ ತೆಗೆದುಕೊಳ್ಳುತ್ತಾನೆ. ದೊರೆ ರಕ್ಷಣೆ ಕೊಟ್ಟು ಕಂದಾಯ ತೆಗೆದುಕೊಳ್ಳುತ್ತಾನೆ. ತಂದೆಗೂ ಮುಪ್ಪಿನಲ್ಲಿ ಮಗ ನೋಡಿಕೊಂಡಾನು ಎಂಬ ಆಸೆ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಅದು ತಪ್ಪಲ್ಲ, ಮನುಷ್ಯರ ಕೊಡುಗೆಯ ಸ್ವಭಾವವೇ ಹಾಗೆ. ಈ ಸೂಕ್ತ ಹೇಳುವ ಕೊಡುಗೆ ಆ ಜಾತಿಯದಲ್ಲ. ಇನ್ನೊಂದು ವಿಷಯ, ಹೆಸರಿನ ಪಕ್ಕದಲ್ಲೇ ಶಕ್ತಿಯ ಮಾತು ಬಂದಿದೆ, ಕರುಣೆಯದಲ್ಲ. ತಾಯಿಯ ಕರುಣೆಗೆ ಕೊರತೆಯಿಲ್ಲ. ಆದರೆ ಮನೆಯಲ್ಲಿ ಕಾಳಿಲ್ಲದ ದಿನ ಆ ಕರುಣೆ ಮಗುವಿನ ಹೊಟ್ಟೆ ತುಂಬಿಸಲಾರದು. ಉಣಿಸಲು ಮನಸ್ಸಿದ್ದರೆ ಸಾಲದು, ಕೈಲಾಗಬೇಕು.

ಇದೇ ಸೂರಃದಲ್ಲಿ ಇನ್ನಷ್ಟು ಹಿಂದಕ್ಕೆ ಹೋಗೋಣ. 22ನೇ ಸೂಕ್ತ: ನಿಮ್ಮ ಅನ್ನಾಧಾರ ಆಕಾಶದಲ್ಲಿದೆ. ಇದನ್ನು ಎಲ್ಲರೂ ಬಲ್ಲರು, ಗೋಡೆಗೆ ತೂಗುಹಾಕುತ್ತಾರೆ. ಆದರೆ ಮೂರೇ ಸೂಕ್ತ ಹಿಂದೆ, 19ರಲ್ಲಿ, ಸಜ್ಜನರ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಹಕ್ಕಿದೆ ಎಂದಿದೆ. ಗಮನಿಸಿ, ದಾನ ಅಂದಿಲ್ಲ, ಹಕ್ಕು ಅಂದಿದೆ. 24ರಿಂದ ಇಬ್ರಾಹೀಮ್(ಅ) ಅವರ ಅತಿಥಿಗಳ ಪ್ರಸಂಗ. ಪರಿಚಯವಿಲ್ಲದವರು ಬಂದಿದ್ದಾರೆ. ಇವರು ಏನು ಬೇಕೆಂದು ಕೇಳುತ್ತಾ ನಿಲ್ಲುವುದಿಲ್ಲ. ಸದ್ದಿಲ್ಲದೆ ಮನೆಯವರತ್ತ ಹೋಗಿ, ಕೊಬ್ಬಿದ ಕರುವಿನ ಅಡುಗೆ ತಂದು, ಅವರ ಮುಂದೆಯೇ ಇಟ್ಟು, ‘ತಿನ್ನುವುದಿಲ್ಲವೇ’ ಅನ್ನುತ್ತಾರೆ. ಬಂದವರು ದೇವಚರರು, ಉಣ್ಣುವವರಲ್ಲ. ಆಮೇಲೆ 57, 58. ಆಕಾಶದಲ್ಲಿರುವುದು ನಿನಗೆ ಬರುತ್ತದೆ. ನಿನ್ನ ಬಳಿ ಇರುವುದೆಲ್ಲ ನಿನ್ನದಲ್ಲ. ಎರಡೂ ಒಂದೇ ಸೂರಃದ ಮಾತು. ಈ ಹೆಸರಿನ ವಿಷಯದಲ್ಲಿ ಆಗುವ ಎಡವಟ್ಟುಗಳೆಲ್ಲ 19ನ್ನು ಬಿಟ್ಟು 22ನ್ನು ಮಾತ್ರ ಓದುವುದರಿಂದ ಆಗುತ್ತವೆ ಎಂಬುದೇ ಈ ಹೊತ್ತು ನಾನು ಹೇಳಬೇಕೆಂದಿರುವ ಮಾತು.

ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಕುರ್‌ಆನಿನಲ್ಲಿ ‘ಖೈರುರ್ರಾಝಿಕೀನ್’, ಉಣಿಸುವವರಲ್ಲಿ ಅತ್ಯುತ್ತಮನು, ಎಂಬ ಮಾತು ಐದು ಕಡೆ ಬಂದಿದೆ. ಉಣಿಸುವವರು ಬೇರೆಯವರೂ ಇದ್ದಾರೆ ಎಂದಾಯಿತಲ್ಲ? ಹೌದು, ಇದ್ದಾರೆ. ಹಾಲೂಡಿಸುವ ತಾಯಿಯ ಊಟ ಬಟ್ಟೆಯ ಹೊಣೆ ಮಗುವಿನ ತಂದೆಯದು ಎನ್ನುವಾಗ (2:233, ಅಂದರೆ ಸೂರಃ 2, ಸೂಕ್ತ 233) ಬಳಸಿರುವುದು ಇದೇ ರಿಝ್ಕ್ (ಅನ್ನಾಧಾರ) ಶಬ್ದವನ್ನು. ಆಸ್ತಿ ಪಾಲಾಗುವಾಗ ಅನಾಥರು, ಬಡವರು ಬಂದರೆ ಅದರಿಂದ ಅವರಿಗೂ ಉಣಿಸಿ ಎನ್ನುವಾಗಲೂ (4:8) ಇದೇ. ಅಂದರೆ ತಂದೆ ರಾಝಿಕ್ (ಉಣಿಸುವವನು) ಆಗಬಹುದು, ರಝ್ಝಾಕ್ ಆಗಲಾರ. ಆದ್ದರಿಂದಲೇ ಅಬ್ದುಲ್ ರಝಾಕ್ (ರಝ್ಝಾಕನ ದಾಸ) ಎಂಬವರನ್ನು ಬರೀ ‘ರಝಾಕ್’ ಎಂದು ಮೊಟಕು ಮಾಡಿ ಕೂಗಬೇಡಿ ಎಂದು ಉಲಮಾಗಳು (ಧರ್ಮಪಂಡಿತರು) ಹೇಳುವುದು. ಕರೀಮ್, ರಹೀಮ್ ಮುಂತಾದ ಗುಣವಾಚಕಗಳು ಮನುಷ್ಯರಿಗೂ ಸಲ್ಲುತ್ತವೆ. ರಹ್ಮಾನ್, ಖಾಲಿಕ್, ರಝ್ಝಾಕ್ ಸಲ್ಲುವುದಿಲ್ಲ. ಅಭ್ಯಾಸಬಲದಿಂದ ಕೂಗುವವರನ್ನು ಗದರಿಸಬೇಕಾಗಿಲ್ಲ, ‘ಅಬ್ದುಲ್’ ಸೇರಿಸಿದರೆ ಆಯಿತು.

ಈಗ ರಿಝ್ಕ್ ಅಂದರೆ ಏನು ಎಂಬಲ್ಲಿಗೆ ಬರೋಣ. ಸಂಬಳವನ್ನೇ ರಿಝ್ಕ್ ಎಂದುಕೊಂಡವನಿಗೆ ಕೆಲಸ ಹೋದ ದಿನ ರಝ್ಝಾಕನೇ ಕೈಬಿಟ್ಟ ಹಾಗೆ ಕಾಣುತ್ತದೆ. ಇಮಾಮ್ ಗಝ್ಝಾಲಿ ಅವರು ದೈವನಾಮಗಳ ಕುರಿತ ‘ಅಲ್ ಮಕ್ಸದುಲ್ ಅಸ್ನಾ’ ಕೃತಿಯಲ್ಲಿ ಇದನ್ನು ಎರಡು ಮಾಡುತ್ತಾರೆ: ದೇಹಕ್ಕೆ ಸಲ್ಲುವ ಹೊರಗಿನ ಅನ್ನ, ಹೃದಯಕ್ಕೆ ಸಲ್ಲುವ ಅರಿವು. ಎರಡನೆಯದೇ ಮೇಲು, ಏಕೆಂದರೆ ಅದರ ಫಲ ಮುಗಿಯುವುದಿಲ್ಲ ಎಂಬುದು ಅವರ ಮಾತು. ಅದರ ಬಗ್ಗೆ ಹೆಚ್ಚು ಹೇಳಲು ಹೋಗುವುದಿಲ್ಲ. ಮೊದಲನೆಯದರ ಮೇಲೇ ದೊಡ್ಡ ಚರ್ಚೆ ನಡೆದಿದೆ.

ಪ್ರಶ್ನೆ ಇದು. ಕದ್ದು ತಿಂದದ್ದು ರಿಝ್ಕ್ ಹೌದೋ ಅಲ್ಲವೋ? ಮುಅ್ತಝಿಲಾ ಪಂಥದವರು ಅಲ್ಲ ಎಂದರು. ಅಲ್ಲಾಹನು ಕೊಡುವುದು ಹಲಾಲನ್ನು ಮಾತ್ರ. ಹರಾಮನ್ನು ಮನುಷ್ಯ ತಾನೇ ಕಸಿದುಕೊಂಡದ್ದು, ಅದನ್ನು ಅಲ್ಲಾಹನ ಲೆಕ್ಕಕ್ಕೆ ಹಾಕಬಾರದು. ಕೇಳಲು ಚೆನ್ನಾಗಿದೆ. ಸುನ್ನಿ ಪಂಡಿತರು ಇದಕ್ಕೆ ಕೇಳಿದ ಮರುಪ್ರಶ್ನೆ ನೋಡಿ. ಒಬ್ಬ ಹುಟ್ಟಿದಾಗಿನಿಂದ ಸಾಯುವವರೆಗೆ ಹರಾಮನ್ನೇ ತಿಂದ ಎಂದುಕೊಳ್ಳಿ. ನಿಮ್ಮ ಲೆಕ್ಕದಲ್ಲಿ ಅವನಿಗೆ ಅಲ್ಲಾಹನು ಒಂದು ತುತ್ತನ್ನೂ ಕೊಡಲಿಲ್ಲ. ಹಾಗಾದರೆ ‘ಭೂಮಿಯ ಮೇಲೆ ಚಲಿಸುವ ಯಾವ ಜೀವಿಯ ಅನ್ನಾಧಾರವೂ ಅಲ್ಲಾಹನ ಹೊಣೆಯಲ್ಲದೆ ಇಲ್ಲ’ (11:6) ಎಂಬ ಮಾತು ಏನಾಯಿತು? ಆದ್ದರಿಂದ ಅವರ ತೀರ್ಮಾನ: ಜೀವಿಯ ಹೊಟ್ಟೆಗೆ, ಬಳಕೆಗೆ ಒದಗಿದ್ದೆಲ್ಲ ರಿಝ್ಕೇ. ಆದರೆ ಒದಗಿದ ಮಾತ್ರಕ್ಕೆ ಅನುಮತಿ ಇದೆಯೆಂದಲ್ಲ. ಯಾವ ದಾರಿಯಲ್ಲಿ ಪಡೆದೆ ಎಂಬ ಪ್ರಶ್ನೆಗೆ ತಿಂದವನೇ ಉತ್ತರ ಕೊಡಬೇಕು.

ಇದು ಬರೀ ಪಂಡಿತರ ವಾದ ಎಂದು ಬದಿಗೆ ಸರಿಸಬೇಡಿ. ಲಂಚ ತೆಗೆದುಕೊಂಡು ‘ಅಲ್ಲಾಹ್ ಕೊಟ್ಟ’ ಎನ್ನುವವರನ್ನು ನೀವೂ ನೋಡಿರುತ್ತೀರಿ. ಅವರು ಈ ಚರ್ಚೆಯ ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊಂಡವರು. ಪ್ರವಾದಿ(ಸ) ಅವರ ಸಂಗಾತಿ ಜಾಬಿರ್(ರ) ವರದಿ ಮಾಡಿದ, ಇಬ್ನ್ ಮಾಜ ಎಂಬ ಸಂಗ್ರಹದಲ್ಲಿರುವ ಹದೀಸ್ (ಪ್ರವಾದಿವಚನ) ಎರಡನೆಯ ಅರ್ಧವನ್ನು ತುಂಬುತ್ತದೆ: ತಡವಾದರೂ ಸರಿ, ತನ್ನ ಪಾಲಿನ ಅನ್ನಾಧಾರ ಪೂರ್ತಿಯಾಗದೆ ಯಾವ ಜೀವವೂ ಸಾಯುವುದಿಲ್ಲ, ಆದ್ದರಿಂದ ಅಲ್ಲಾಹನನ್ನು ಭಯಪಟ್ಟು ಚೆಂದವಾಗಿ ಅರಸಿ, ಹಲಾಲನ್ನು ತೆಗೆದುಕೊಳ್ಳಿ, ಹರಾಮನ್ನು ಬಿಡಿ. ಅಳತೆ ನಿನ್ನ ಕೈಯಲ್ಲಿಲ್ಲ, ದಾರಿ ನಿನ್ನ ಕೈಯಲ್ಲಿದೆ. ಅಡ್ಡದಾರಿ ಹಿಡಿದವನು ತನ್ನ ಪಾಲನ್ನು ಹೆಚ್ಚಿಸಿಕೊಂಡದ್ದಲ್ಲ. ನೇರ ದಾರಿಯಲ್ಲಿ ಬರಬೇಕಾಗಿದ್ದುದನ್ನೇ ಕೊಳೆ ಮಾಡಿಕೊಂಡು ತಿಂದ. ಅದರ ಫಲ ಏನೆಂದು ‘ಮುಸ್ಲಿಮ್’ ಎಂಬ ಹದೀಸ್ ಸಂಗ್ರಹದಲ್ಲಿರುವ ಹದೀಸ್ ಹೇಳುತ್ತದೆ. ದೂರ ಪ್ರಯಾಣ ಮಾಡಿದವನು, ಕೆದರಿದ ಕೂದಲು, ಮೈತುಂಬ ಧೂಳು, ಆಕಾಶದತ್ತ ಕೈ ಚಾಚಿ ‘ಯಾ ರಬ್ಬ್, ಯಾ ರಬ್ಬ್’ ಎನ್ನುತ್ತಿದ್ದಾನೆ. ದುಆ (ಪ್ರಾರ್ಥನೆ) ಸ್ವೀಕಾರವಾಗಲು ಬೇಕಾದ ಲಕ್ಷಣಗಳೆಲ್ಲ ಇವೆ. ಆದರೆ ಅವನ ಊಟ ಹರಾಮ್, ಕುಡಿದದ್ದು ಹರಾಮ್, ಉಟ್ಟದ್ದು ಹರಾಮ್. ಹೀಗಿರುವಾಗ ಅವನಿಗೆ ಉತ್ತರ ಸಿಗುವುದಾದರೂ ಹೇಗೆ ಎಂದು ಪ್ರವಾದಿ(ಸ) ಕೇಳಿದರು.

ಇನ್ನು ತವಕ್ಕುಲ್, ಭರವಸೆಯ ಮಾತು. ಹಕ್ಕಿಗಳ ಹದೀಸ್ ಎಲ್ಲರಿಗೂ ಬಾಯಿಪಾಠ. ಉಮರ್(ರ) ವರದಿ ಮಾಡಿದ್ದು, ತಿರ್ಮಿದಿಯಲ್ಲಿದೆ: ನೀವು ಅಲ್ಲಾಹನ ಮೇಲೆ ಸರಿಯಾಗಿ ಭರವಸೆಯಿಟ್ಟರೆ ಹಕ್ಕಿಗಳಿಗೆ ಕೊಡುವಂತೆ ನಿಮಗೂ ಕೊಡುತ್ತಾನೆ; ಅವು ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಹೊರಡುತ್ತವೆ, ಸಂಜೆ ತುಂಬಿದ ಹೊಟ್ಟೆಯಲ್ಲಿ ಮರಳುತ್ತವೆ. ಸೋಮಾರಿತನಕ್ಕೆ ಈ ಹದೀಸನ್ನು ಆಸರೆ ಮಾಡಿಕೊಳ್ಳುವವರು ‘ಹೊರಡುತ್ತವೆ’ ಎಂಬುದನ್ನು ನುಂಗಿಬಿಡುತ್ತಾರೆ. ಗೂಡಿನಲ್ಲೇ ಕೂತ ಹಕ್ಕಿಯ ಸುದ್ದಿ ಅದರಲ್ಲಿಲ್ಲ. ಯಮನಿನಿಂದ ಹಜ್ಜ್‌ಗೆ ಬರುವವರು ಬುತ್ತಿ ಕಟ್ಟಿಕೊಳ್ಳದೆ, ‘ನಾವು ತವಕ್ಕುಲ್ ಇಟ್ಟವರು’ ಎಂದು ಹೊರಟು, ಮಕ್ಕಾ ತಲುಪಿದ ಮೇಲೆ ಜನರ ಮುಂದೆ ಕೈಯೊಡ್ಡುತ್ತಿದ್ದರು ಎಂದು ಇಬ್ನ್ ಅಬ್ಬಾಸ್(ರ) ಹೇಳಿದ್ದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಆಗ ಇಳಿದದ್ದೇ ‘ಬುತ್ತಿ ಕಟ್ಟಿಕೊಳ್ಳಿ’ (2:197) ಎಂಬ ಆಜ್ಞೆ. ‘ಬುತ್ತಿಗಳಲ್ಲಿ ಶ್ರೇಷ್ಠವಾದದ್ದು ತಕ್ವಾ (ದೇವಭಯ)’ ಎಂಬ ಮಾತು ಅದೇ ಸೂಕ್ತದಲ್ಲಿ ಅದರ ಬೆನ್ನಿಗೇ ಬರುತ್ತದೆ. ಎರಡನೆಯದನ್ನು ಹೇಳಿ ಮೊದಲನೆಯದನ್ನು ಬಿಡುವ ಹಾಗಿಲ್ಲ.

ಇದಕ್ಕಿಂತ ನನಗೆ ಹೆಚ್ಚು ಕಚ್ಚುವುದು ಈಸಾ(ಅ) ಅವರ ತಾಯಿ ಮರ್ಯಮ್(ಅ) ಅವರ ಎರಡು ಪ್ರಸಂಗ. ಮಿಹ್ರಾಬಿನಲ್ಲಿ (ಪ್ರಾರ್ಥನೆಯ ಕೋಣೆಯಲ್ಲಿ) ಇದ್ದಾಗ ಅವರ ಪೋಷಕರಾದ ಝಕರಿಯ್ಯಾ(ಅ) ಬಂದು ನೋಡಿದಾಗೆಲ್ಲ ಅವರ ಬಳಿ ಆಹಾರ ಇರುತ್ತಿತ್ತು. ಎಲ್ಲಿಂದ ಬಂತು ಎಂದರೆ ‘ಅಲ್ಲಾಹನ ಬಳಿಯಿಂದ’ (3:37). ಒಂದು ಕಡ್ಡಿಯನ್ನೂ ಎತ್ತಬೇಕಾಗಿರಲಿಲ್ಲ. ಅದೇ ಮರ್ಯಮ್ ಹೆರಿಗೆಯ ನೋವಿನಲ್ಲಿ, ಒಂಟಿಯಾಗಿ, ಖರ್ಜೂರದ ಮರದ ಬುಡದಲ್ಲಿದ್ದಾಗ ಬಂದ ಮಾತು: ಕಾಂಡವನ್ನು ನಿನ್ನ ಕಡೆಗೆ ಅಲುಗಿಸು, ತಾಜಾ ಹಣ್ಣು ಉದುರುತ್ತದೆ (19:25). ಬಾಣಂತಿಯೊಬ್ಬಳ ಕೈಬಲಕ್ಕೆ ಖರ್ಜೂರದ ಕಾಂಡ ಅಲುಗೀತೇ? ಹಣ್ಣು ಉದುರಿಸುವ ಶಕ್ತಿ ಆ ಕೈಯದಲ್ಲ. ಆದರೂ ಕೈ ಹಚ್ಚು ಎಂದಿತು. ಶಕ್ತಿ ಇದ್ದ ಕಾಲದಲ್ಲಿ ತಾನಾಗಿ ಬಂತು, ಶಕ್ತಿ ಇಲ್ಲದ ಕಾಲದಲ್ಲಿ ಕೈ ಹಚ್ಚಲು ಹೇಳಿತು. ಇಷ್ಟು ದುಡಿದರೆ ಇಷ್ಟು ಸಿಗುತ್ತದೆ ಎಂಬ ಸೂತ್ರವನ್ನು ಇಲ್ಲಿಂದ ಕಟ್ಟಲು ಬರುವುದಿಲ್ಲ. ದುಡಿಯದೆ ಇರಬಹುದು ಎಂಬ ಸೂತ್ರವನ್ನಂತೂ ಕಟ್ಟಲೇ ಬರುವುದಿಲ್ಲ.

ದುಡಿಮೆಗೂ ನಂಬಿಕೆಗೂ ಎಲ್ಲಿ ಗೆರೆ ಎಳೆಯಬೇಕು? ಸೂರಃ ಅಲ್ ಜುಮುಅಃದ ಕೊನೆಯ ಮೂರು ಸೂಕ್ತಗಳಲ್ಲಿ ಅದನ್ನು ಗಂಟೆಯ ಲೆಕ್ಕದಲ್ಲಿ ಎಳೆದು ತೋರಿಸಿದೆ. 9ನೆಯದು: ಜುಮಾದ ಬಾಂಗ್ ಆದಾಗ ವ್ಯಾಪಾರ ಬಿಟ್ಟು ಬನ್ನಿ. 10ನೆಯದು: ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಚದುರಿ, ಅಲ್ಲಾಹನ ಅನುಗ್ರಹವನ್ನು ಅರಸಿ. ಇಡೀ ದಿನದ ರಜೆ ಕೇಳಿಲ್ಲ ನೋಡಿ. ಕೇಳಿದ್ದು ಖುತ್ಬಾ (ಪ್ರವಚನ) ಮತ್ತು ನಮಾಝಿನ ಹೊತ್ತನ್ನು ಮಾತ್ರ. ಆ ಹೊತ್ತಿನಲ್ಲಿ ಕುದುರಿಸಿದ ವ್ಯಾಪಾರ ನಿಷಿದ್ಧ ಎಂಬುದರಲ್ಲಿ ಮದ್ಹಬ್‌ಗಳಿಗೆ (ಧರ್ಮಕಾನೂನಿನ ಪಂಥಗಳಿಗೆ) ತಕರಾರಿಲ್ಲ. ವ್ಯಾಪಾರವೇ ಅಸಿಂಧುವಾಗುತ್ತದೋ, ಇಲ್ಲ ಪಾಪ ಮಾತ್ರವೋ ಎಂಬಲ್ಲಿ ಭಿನ್ನಾಭಿಪ್ರಾಯ ಇದೆ. 11ನೆಯದರ ಹಿನ್ನೆಲೆ ಬುಖಾರಿ, ಮುಸ್ಲಿಮ್‌ನಲ್ಲಿ ಜಾಬಿರ್(ರ) ಹೇಳಿದ್ದು. ಪ್ರವಾದಿ(ಸ) ನಿಂತು ಖುತ್ಬಾ ಕೊಡುತ್ತಿದ್ದಾರೆ. ಧಾನ್ಯ ಹೊತ್ತ ವ್ಯಾಪಾರಿ ತಂಡವೊಂದು ಮದೀನಕ್ಕೆ ಬಂತು. ಜನ ಎದ್ದು ಅದರತ್ತ ಓಡಿದರು. ಮಸೀದಿಯಲ್ಲಿ ಉಳಿದವರು 12 ಮಂದಿ.

ಓಡಿದವರನ್ನು ಹಗುರವಾಗಿ ತೂಗಬೇಡಿ. ಊರಿನಲ್ಲಿ ಆಗ ಧಾನ್ಯದ ಅಭಾವವಿತ್ತು, ಬೆಲೆ ಏರಿತ್ತು ಎಂದು ತಫ್ಸೀರ್‌ಗಳು (ಕುರ್‌ಆನ್ ವ್ಯಾಖ್ಯಾನಗಳು) ಹೇಳುತ್ತವೆ. ಮನೆಯಲ್ಲಿ ಮಕ್ಕಳಿದ್ದಾರೆ, ತಡವಾದರೆ ಮಾಲು ಮುಗಿಯುತ್ತದೆ. ಯಾರಿಗೆ ತಾನೇ ಕಾಲು ನಿಂತೀತು? ಆ ಸೂಕ್ತ ಬೈದು ಮುಗಿಯುವುದಿಲ್ಲ. ‘ಅಲ್ಲಾಹನು ಉಣಿಸುವವರಲ್ಲಿ ಅತ್ಯುತ್ತಮನು’ ಎಂದು ಮುಗಿಯುತ್ತದೆ. ಆ ಧಾನ್ಯ ಖುತ್ಬಾ ಮುಗಿದ ಮೇಲೂ ಅಲ್ಲೇ ಇರುತ್ತಿತ್ತು. ಭಯ ಹುಟ್ಟಿಸಿದ್ದು ಹಸಿವಲ್ಲ, ನನಗಿಂತ ಮುಂಚೆ ಇನ್ನೊಬ್ಬ ಕೊಂಡುಬಿಟ್ಟಾನು ಎಂಬ ಲೆಕ್ಕಾಚಾರ. ರಝ್ಝಾಕನ ಮೇಲಿನ ನಂಬಿಕೆ ಸಾಮಾನ್ಯವಾಗಿ ಜಾರುವುದು ಇಲ್ಲೇ, ಪಕ್ಕದವನ ಕೈ ನೋಡುವಾಗ.

ಮಾರುಕಟ್ಟೆಯ ಮಾತು ಬಂದದ್ದರಿಂದ ಇನ್ನೊಂದು ಹದೀಸ್. ಮದೀನದಲ್ಲಿ ಬೆಲೆಗಳು ಏರಿದಾಗ ಜನ ಬಂದು, ಅಲ್ಲಾಹನ ಸಂದೇಶವಾಹಕರೇ, ನಮಗೆ ದರ ನಿಗದಿ ಮಾಡಿಕೊಡಿ ಎಂದರು. ಅನಸ್(ರ) ವರದಿ ಮಾಡಿದ, ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿರುವ ಉತ್ತರ: ದರ ನಿಶ್ಚಯಿಸುವವನು, ಕುಗ್ಗಿಸುವವನು, ಹಿಗ್ಗಿಸುವವನು, ರಝ್ಝಾಕ್ ಅಲ್ಲಾಹನೇ, ರಕ್ತದಲ್ಲಾಗಲಿ ಸಂಪತ್ತಿನಲ್ಲಾಗಲಿ ಯಾರ ಮೇಲಿನ ಅನ್ಯಾಯದ ದೂರೂ ಇಲ್ಲದೆ ನಾನು ಅವನನ್ನು ಭೇಟಿಯಾಗಲು ಬಯಸುತ್ತೇನೆ. ಇದನ್ನೇ ಹಿಡಿದು ವ್ಯಾಪಾರಿ ಏನು ಬೆಲೆ ಹಾಕಿದರೂ ಸರಿ ಎನ್ನಬಹುದೇ? ಇಲ್ಲ. ದಾಸ್ತಾನು ಕೂಡಿಟ್ಟು ಅಭಾವ ಸೃಷ್ಟಿಸುವವನು ಪಾಪಿ ಎಂದವರೂ ಅದೇ ಪ್ರವಾದಿ(ಸ). ಊರಿನ ದಲ್ಲಾಳಿ ಹಳ್ಳಿಗನ ಮಾಲನ್ನು ತಡೆದು ತಾನು ಮಾರಿಕೊಡುವುದು ಬೇಡ, ‘ಜನರನ್ನು ಬಿಟ್ಟುಬಿಡಿ, ಅಲ್ಲಾಹನು ಅವರಿಗೆ ಒಬ್ಬರಿಂದ ಇನ್ನೊಬ್ಬರಿಗೆ ಅನ್ನಾಧಾರ ಕೊಡುತ್ತಾನೆ’ ಎಂದದ್ದು ಮುಸ್ಲಿಮ್‌ನಲ್ಲಿದೆ. ಬೆಲೆ ತಾನಾಗಿ ಏರಿದ್ದರೆ ವ್ಯಾಪಾರಿಯ ಮೇಲೆ ಬಲವಂತ ಅನ್ಯಾಯ. ಕೂಡಿಟ್ಟು ಏರಿಸಿದ್ದರೆ ಸುಮ್ಮನಿರುವುದೇ ಅನ್ಯಾಯ. ಎರಡನೆಯ ಸಂದರ್ಭದಲ್ಲಿ ನ್ಯಾಯವಾದ ದರಕ್ಕೆ ಮಾರುವಂತೆ ಆಡಳಿತ ಕಡ್ಡಾಯ ಮಾಡಬಹುದು ಎಂದು ಇಬ್ನ್ ತೈಮಿಯ್ಯ ಅವರು ಹಿಸ್ಬಾ (ಮಾರುಕಟ್ಟೆ ಮುಂತಾದವುಗಳ ಮೇಲ್ವಿಚಾರಣೆ) ಕುರಿತ ಗ್ರಂಥದಲ್ಲಿ ಬಿಡಿಸಿ ಹೇಳಿದ್ದಾರೆ.

ಇಲ್ಲಿ ಯಾರೂ ತಪ್ಪಿಸಿಕೊಳ್ಳಲಾಗದ ಪ್ರಶ್ನೆ ಒಂದಿದೆ. ರಝ್ಝಾಕ್ ಇದ್ದಾನಾದರೆ ಹಸಿವಿನಿಂದ ಸಾಯುವವರು ಏಕಿದ್ದಾರೆ? ಅವರ ನಂಬಿಕೆ ಕಡಿಮೆಯಾದದ್ದರಿಂದ ಎನ್ನುವ ಉತ್ತರವನ್ನು ದಯವಿಟ್ಟು ಕೊಡಬೇಡಿ, ಅದನ್ನು ಕುರ್‌ಆನ್ ಒಪ್ಪುವುದಿಲ್ಲ. ಇಬ್ರಾಹೀಮ್(ಅ) ಮಕ್ಕಾಕ್ಕಾಗಿ ಪ್ರಾರ್ಥಿಸುವಾಗ ಇಲ್ಲಿನವರಲ್ಲಿ ವಿಶ್ವಾಸವಿಟ್ಟವರಿಗೆ ಹಣ್ಣುಹಂಪಲು ಕೊಡು ಎಂದರು. ಉತ್ತರ ಬಂತು: ನಿರಾಕರಿಸಿದವನಿಗೂ ಸ್ವಲ್ಪ ಕಾಲ ಸುಖ ಕೊಡುವೆ (2:126). ಜನ ತನಗೆ ಮಗನನ್ನು ಆರೋಪಿಸಿದರೂ ಅಲ್ಲಾಹನು ಅವರಿಗೆ ಆರೋಗ್ಯವನ್ನೂ ಅನ್ನವನ್ನೂ ಕೊಡುತ್ತಾನೆ, ಕಿವಿಗೆ ಬಿದ್ದ ನೋವನ್ನು ಅವನಿಗಿಂತ ಹೆಚ್ಚು ಸಹಿಸುವವರಿಲ್ಲ ಎಂದು ಬುಖಾರಿಯ ಹದೀಸ್. ಅನ್ನದ ತಟ್ಟೆಯಿಂದ ನಂಬಿಕೆಯನ್ನು ಅಳೆಯುವ ದಾರಿ ಅಲ್ಲಿಗೆ ಮುಚ್ಚಿತು. ಸೂರಃ ಅಲ್ ಫಜ್ರ್ ಇನ್ನೂ ಖಾರವಾಗಿದೆ. ಸಮೃದ್ಧಿ ಬಂದರೆ ನನ್ನ ಪ್ರಭು ನನ್ನನ್ನು ಗೌರವಿಸಿದ ಎನ್ನುತ್ತಾನೆ, ಇಕ್ಕಟ್ಟಾದರೆ ಅವಮಾನಿಸಿದ ಎನ್ನುತ್ತಾನೆ. ‘ಖಂಡಿತ ಅಲ್ಲ’ ಎಂದು ಎರಡನ್ನೂ ತಳ್ಳಿಹಾಕಿ, ನೀವು ಅನಾಥನನ್ನು ಗೌರವಿಸುವುದಿಲ್ಲ, ಬಡವನಿಗೆ ಉಣಿಸಲು ಒಬ್ಬರನ್ನೊಬ್ಬರು ಹುರಿದುಂಬಿಸುವುದಿಲ್ಲ ಎಂದು ಬೆರಳನ್ನು ನಮ್ಮತ್ತ ತಿರುಗಿಸುತ್ತದೆ.

ಉತ್ತರದ ಮುಖ್ಯ ಭಾಗ ಅಲ್ಲೇ ಇದೆ. ಭೂಮಿಯಲ್ಲಿ ಆಹಾರವನ್ನು ಅಳತೆ ಮಾಡಿ ಇಟ್ಟಿದ್ದೇನೆ ಎನ್ನುತ್ತದೆ 41:10. ಒಬ್ಬನ ಪಾಲು ಇನ್ನೊಬ್ಬನ ಕೈ ದಾಟಿ ಹೋಗಬೇಕಾಗಿದೆ, ಆ ಕೈ ಮುಷ್ಟಿ ಕಟ್ಟಿದೆ. ಸೂರಃ ಯಾಸೀನ್‌ನ 47ನೇ ಸೂಕ್ತದಲ್ಲಿ ಮುಷ್ಟಿ ಕಟ್ಟಿದವರ ವಾದವನ್ನು ಅವರದೇ ಬಾಯಿಂದ ಹೇಳಿಸಿದೆ. ಅಲ್ಲಾಹನು ಕೊಟ್ಟದ್ದರಿಂದ ಖರ್ಚು ಮಾಡಿ ಎಂದರೆ, ‘ಅಲ್ಲಾಹನು ಬಯಸಿದ್ದರೆ ತಾನೇ ಉಣಿಸುತ್ತಿದ್ದ, ಅಂಥವರಿಗೆ ನಾವು ಉಣಿಸಬೇಕೇ?’ ಎನ್ನುತ್ತಾರೆ. ಮೇಲ್ನೋಟಕ್ಕೆ ಎಂಥ ಭಕ್ತಿಯ ಮಾತು! ಅದರ ಒಂದೊಂದು ಶಬ್ದವೂ ಸರಿಯೇ. ಆದರೆ ಹೇಳಿದವರು ನಿರಾಕರಿಸಿದವರು. ರಝ್ಝಾಕ್ ಎಂಬ ನಂಬಿಕೆಯನ್ನು ನಿನ್ನ ಹಸಿವಿಗೆ ಧೈರ್ಯವಾಗಿ ಬಳಸಬಹುದು, ಇನ್ನೊಬ್ಬನ ಹಸಿವಿಗೆ ಉತ್ತರವಾಗಿ ಬಳಸುವಂತಿಲ್ಲ.

ಕೈ ಬಿಚ್ಚುವ ಅಳತೆಯನ್ನೂ, ಅಂದರೆ ಝಕಾತ್ ಮುಂತಾದ ಕಡ್ಡಾಯ ಪಾಲಿನ ಲೆಕ್ಕವನ್ನೂ, ಶರೀಅತ್ ಹೇಳಿದೆ, ಆ ಅಳತೆಯೊಳಗೇ ಈ ಹೆಸರು ಕೂತಿದೆ. ಇಬ್ನುಲ್ ಕಯ್ಯಿಮ್ ಅವರು ‘ಝಾದುಲ್ ಮಆದ್’ನಲ್ಲಿ ಇದನ್ನು ಗುರುತಿಸಿದ್ದಾರೆ. ನೆಲದಲ್ಲಿ ಹೂತು ಸಿಕ್ಕಿದ ಹಳೆಯ ನಿಧಿ: ದುಡಿಮೆ ಏನೂ ಇಲ್ಲ, ಕೊಡಬೇಕಾದದ್ದು ಐದನೇ ಒಂದು, ಅಂದರೆ 20%. ಮಳೆಯಿಂದಲೋ ತೊರೆಯಿಂದಲೋ ತಾನಾಗಿ ನೀರುಂಡ ಬೆಳೆ: ಉತ್ತು ಬಿತ್ತಿದ್ದು ನೀನು, ನೀರು ಅವನದು, 10%. ಏತದಿಂದಲೋ ಪಂಪಿನಿಂದಲೋ ನೀರೆತ್ತಿ ಬೆಳೆದದ್ದು: 5%. ವರ್ಷವಿಡೀ ಕೊಂಡು, ಮಾರಿ, ನಷ್ಟದ ಭಯ ಹೊತ್ತು ನಡೆಸಿದ ವ್ಯಾಪಾರದ ಸೊತ್ತು ಮತ್ತು ಹಣ: 2.5%. ನಿನ್ನ ಬೆವರು ಹೆಚ್ಚಿದಂತೆ ಪ್ರತಿ ಮೆಟ್ಟಿಲಲ್ಲೂ ಬಾಕಿ ಅರ್ಧಕ್ಕೆ ಇಳಿಯುತ್ತದೆ. ಬೆವರನ್ನು ಅಲ್ಲಾಹನು ಲೆಕ್ಕಕ್ಕೆ ಹಿಡಿದಿದ್ದಾನೆ, ಸೊನ್ನೆ ಮಾಡಿಲ್ಲ. ಹಾಗೆಯೇ ಎಷ್ಟೇ ಬೆವರು ಸುರಿಸಿದರೂ ಬಾಕಿ ಸೊನ್ನೆಗೆ ಇಳಿಯುವುದಿಲ್ಲ. ಎಲ್ಲವೂ ನನ್ನ ಜ್ಞಾನದಿಂದ ಬಂದದ್ದು (28:78) ಎಂದ ಸಿರಿವಂತ ಕಾರೂನನ ಮಾತಿಗೆ ಜಾಗ ಸಿಗುವುದಿಲ್ಲ.

ಲೆಕ್ಕದಲ್ಲಿ ತಪ್ಪುವುದು ಎಲ್ಲಿ ಎಂದೂ ಹೇಳಿಬಿಡುತ್ತೇನೆ. ಬೆಳೆ ಮಾರಿ ಬಂದ ಹಣಕ್ಕೆ ವರ್ಷದ ಕೊನೆಗೆ 2.5% ಕೊಟ್ಟು ಮುಗಿಯಿತು ಎಂದುಕೊಳ್ಳುವವರು ಬಹಳ. 100 ಕ್ವಿಂಟಲ್ ಭತ್ತ ಮಳೆಯಿಂದಲೇ ಬೆಳೆದಿದ್ದರೆ 10 ಕ್ವಿಂಟಲ್, ಪಂಪಿನ ನೀರಾದರೆ 5 ಕ್ವಿಂಟಲ್. ಎರಡೂವರೆ ಕ್ವಿಂಟಲಿನ ಬೆಲೆ ಕೊಟ್ಟವನ ಮೇಲೆ ಬಾಕಿ ಉಳಿದೇ ಇದೆ. ಅರ್ಧ ಕಾಲ ಮಳೆ, ಅರ್ಧ ಕಾಲ ಪಂಪು ಎಂದಾದರೆ ಏಳೂವರೆ. ಒಂದು ಕಡೆಯದು ಹೆಚ್ಚಾಗಿದ್ದರೆ ಹೆಚ್ಚಾದದ್ದರ ದರ ಎಂದು ಹನಫಿ, ಹಂಬಲಿ ಮದ್ಹಬ್‌ಗಳ ವಿದ್ವಾಂಸರು ಹೇಳುತ್ತಾರೆ. ನೀರೆತ್ತಿದ ಖರ್ಚು, ಕೂಲಿ ಕಳೆದು ಉಳಿದದ್ದಕ್ಕೆ ಲೆಕ್ಕ ಹಾಕಬಹುದೇ ಎಂದು ಕೇಳುತ್ತಾರೆ. ಹನಫಿ ಫಿಕ್ಹ್‌ನಲ್ಲಿ (ಧರ್ಮಕಾನೂನಿನಲ್ಲಿ) ಹಾಗೆ ಕಳೆಯುವಂತಿಲ್ಲ, 10ನ್ನು 5ಕ್ಕೆ ಇಳಿಸಿದ್ದೇ ಆ ಖರ್ಚಿಗಾಗಿ. ಕನಿಷ್ಠ ಮಿತಿ ಐದು ವಸ್ಕ್, ಈಗಿನ ತೂಕದಲ್ಲಿ ಸುಮಾರು 650 ಕಿಲೋ ಧಾನ್ಯ; ಇಮಾಮ್ ಅಬೂ ಹನೀಫಾ ಅವರ ಪ್ರಕಾರ ಮಿತಿಯೇ ಇಲ್ಲ, ಬೆಳೆದದ್ದು ಎಷ್ಟಿದ್ದರೂ ಕೊಡಬೇಕು. ಹಣದ ಝಕಾತಿನಂತೆ ಒಂದು ವರ್ಷ ತುಂಬಲಿ ಎಂದು ಕಾಯುವುದಕ್ಕೂ ಇಲ್ಲಿ ಅವಕಾಶವಿಲ್ಲ. ‘ಕೊಯ್ಲಿನ ದಿನ ಅದರ ಹಕ್ಕನ್ನು ಕೊಟ್ಟುಬಿಡಿ’ (6:141) ಎಂದಿದೆ. ವರ್ಷಕ್ಕೆ ಎರಡು ಬೆಳೆ ತೆಗೆದರೆ ಎರಡು ಸಲ ಕೊಡಬೇಕು.